ಒಬ್ಬರಿಗೆ ಆಗದ ಆಟ

"ಆನ್ ಮಾಡಿ ನೋಡದೆ ಹೇಗಕ್ಕ ಕೊಳ್ಳೋದು?" ಎಂದ ಲಿಫ್ಟ್ ಮೆಕ್ಯಾನಿಕ್.

"ನೋಡಿ. ಬೇಡ ಅಂದವರು ಯಾರು?" ಎಂದಳು ಮನೆಯಾಕೆ. ಮಾರುವವರ ಮುಖದಲ್ಲಿ ಇರಬೇಕಾದ ಆಸೆ ಆ ಮುಖದಲ್ಲಿರಲಿಲ್ಲ. ಔಷಧಿ ಅಂಗಡಿಯ ಬಿಳಿ ಕೋಟನ್ನೂ ಕಳಚಿರಲಿಲ್ಲ. ಕೆಲಸದಿಂದ ಬಂದವಳು ಹಾಗೆಯೇ ಬಾಗಿಲು ತೆಗೆದಿದ್ದಳು.

ಮೇಜಿನ ಮೇಲೆ ಗೇಮ್ ಕನ್ಸೋಲ್ ಇತ್ತು. ಕಪ್ಪು ಪೆಟ್ಟಿಗೆ, ಎರಡು ಕಂಟ್ರೋಲರ್, ಮುಚ್ಚಳದ ಮೇಲೆ ತಲೆ ಕಿತ್ತುಹೋದ ಹಳದಿ ಬಾತುಕೋಳಿಯ ಸ್ಟಿಕ್ಕರ್. ಜಾಹೀರಾತಿನ ಫೋಟೋದಲ್ಲಿದ್ದದ್ದೂ ಇದೇ. ಮೆಕ್ಯಾನಿಕ್ ಬಾತುಕೋಳಿಯನ್ನು ಬೆರಳಿನಿಂದ ಸವರಿದ. ಆಮೇಲೆ ಪೆಟ್ಟಿಗೆಯನ್ನು ಬೋರಲು ಹಾಕಿ ಗಾಳಿಕಿಂಡಿಗೆ ಉಫ್ ಎಂದು ಊದಿದ. ಧೂಳು ಬರಲಿಲ್ಲ.

"ದಿನಾ ಆಡ್ತಿದ್ದ ಹಾಗಿದೆ."

"ಹೂಂ."

"ಕಂಟ್ರೋಲರ್ ಸರಿಯಾಗಿದೆಯಾ?"

"ಎಡಗಡೆ ಸ್ಟಿಕ್ಕು ಒಂಚೂರು ಎಳೆಯುತ್ತೆ. ಬಲಕ್ಕೆ ಒತ್ತಿ ಹಿಡಿದ್ರೆ ಸರಿಹೋಗುತ್ತೆ."

ತಾಯಂದಿರಿಗೆ ಇಷ್ಟು ಗೊತ್ತಿರುವುದು ಅಪರೂಪ. ಮಾರುವ ಮುಂಚೆ ಮಗನಿಂದ ಕೇಳಿ ಬಾಯಿಪಾಠ ಮಾಡಿರಬೇಕು ಎಂದುಕೊಂಡ.

"ಆಟಗಳು?"

ಆಕೆ ಒಳಕೋಣೆಗೆ ಹೋಗಿ ಡಿಸ್ಕುಗಳನ್ನು ತಂದಳು. ಬರುವಾಗ ದೀಪ ಆರಿಸಿದಳು, ಬಾಗಿಲು ಎಳೆದಳು, ಚಿಲಕ ಕೂತಿದೆಯೇ ಎಂದು ಒಮ್ಮೆ ತಳ್ಳಿ ನೋಡಿದಳು. ಮುಚ್ಚದ ಬಾಗಿಲುಗಳ ಜೊತೆ ದಿನವಿಡೀ ಗುದ್ದಾಡುವ ಮೆಕ್ಯಾನಿಕ್‌ಗೆ ಅದು ಮೆಚ್ಚುಗೆಯಾಯಿತು. ಡಿಸ್ಕು ಚಾಚಿದ ಆಕೆಯ ಹೆಬ್ಬೆರಳು ಜಡ್ಡುಗಟ್ಟಿತ್ತು. ಹೊತ್ತುಹೊತ್ತಿಗೂ ಮಾತ್ರೆಗಳನ್ನು ಒತ್ತಿ ತೆಗೆಯುವವರಿಗೆ ಹಾಗಾಗುತ್ತದೇನೋ.

"ಕಾರ್ ರೇಸು ಹಳೇದು, ಈಗ ಯಾರೂ ಕೇಳಲ್ಲ. ಫುಟ್‌ಬಾಲು ಎಲ್ಲರ ಮನೇಲೂ ಇದೆ. ದೋಣಿ..." ಅವನು ಆ ಡಿಸ್ಕನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದು ಒಬ್ಬರಿಗೆ ಆಗೋ ಆಟ ಅಲ್ಲ ಅಕ್ಕ. ಎರಡೂ ಕಡೆಯಿಂದ ಹುಟ್ಟು ಹಾಕಬೇಕು. ಒಬ್ಬರೇ ಕೂತರೆ ದೋಣಿ ಇದ್ದಲ್ಲೇ ಗಿರಗಿರ ಸುತ್ತುತ್ತೆ."

"ಹಾಗಾದ್ರೆ ಕೊಳ್ಳಬೇಡಿ."

"ಹುಡುಗನ್ನ ಕರೀರಿ. ಅವನನ್ನೇ ಒಂದು ಮಾತು ಕೇಳ್ತೀನಿ."

"ಅವನ್ಯಾಕೆ? ನಾನು ಹೇಳ್ತಿಲ್ವಾ?"

ದನಿ ಏರಲಿಲ್ಲ, ಇಳಿಯಲಿಲ್ಲ. ಲಿಫ್ಟಿನಲ್ಲಿ ಮಹಡಿಯ ಸಂಖ್ಯೆ ಹೇಳುವ ದನಿಯೇ ಇದಕ್ಕಿಂತ ವಾಸಿ. ಬಾಗಿಲ ಬಳಿ ಹುಡುಗನ ಶೂಗಳಿದ್ದವು. ಲೇಸು ಕಟ್ಟಿದ್ದಂತೆಯೇ ಇತ್ತು, ಮೇಲೆ ಧೂಳು ಕೂತಿತ್ತು. ಹುಡುಗ ಹೊರಗೆ ಹೆಜ್ಜೆಯಿಡದೆ ಈ ಪೆಟ್ಟಿಗೆಗೇ ಅಂಟಿಕೊಂಡಿರುತ್ತಾನೆ, ಅದಕ್ಕೇ ತಾಯಿ ಮಾರಲು ಹೊರಟಿದ್ದಾಳೆ ಎಂದು ಅವನು ಲೆಕ್ಕ ಹಾಕಿದ.

ಮೆಕ್ಯಾನಿಕ್ ಜೇಬಿನಿಂದ ದುಡ್ಡು ತೆಗೆದು ಮೇಜಿನ ಮೇಲಿಟ್ಟ. ಕೇಳಿದಷ್ಟೂ ಇತ್ತು. ಚೌಕಾಸಿಯ ಮಾತೇ ಇಲ್ಲ.

"ತಗೊಳ್ಳಿ. ಪೆಟ್ಟಿಗೆ ಮಾತ್ರ ಇಲ್ಲೇ ಇರಲಿ."

"ಅಂದ್ರೆ?"

"ಹುಡುಗ ಆಡ್ಕೊಳ್ಲಿ. ನಾನು ಕೊಳ್ಳೋಕೆ ಬಂದವನಲ್ಲ ಅಕ್ಕ. ನಾನು..." ಅವನು ತನ್ನ ದಪ್ಪ ಮೀಸೆಯನ್ನು ಒರೆಸಿಕೊಂಡ. "ನಾನು ಗುಬ್ಬಿ."

ಆಕೆ ಕುರ್ಚಿಯ ಬೆನ್ನು ಹಿಡಿದುಕೊಂಡಳು.

ನಾಚಿಕೆ ಬಿಟ್ಟು ಎಲ್ಲ ಹೇಳಿದ. ಗುಬ್ಬಿ ಎಂಬುದು ಆಟದಲ್ಲಿ ಅವನ ಮಗಳ ಹೆಸರು. ಈ ಮನೆಯ ಹುಡುಗ ಬಾತು, ತಲೆ ಕಿತ್ತುಹೋದ ಸ್ಟಿಕ್ಕರಿನಿಂದ ಬಂದ ಹೆಸರು ಎಂದು ಮಗಳು ಹೇಳಿದ್ದಳು. ಒಂದೇ ಊರಿನವರಾದರೂ ಮಕ್ಕಳಿಬ್ಬರೂ ಮುಖ ನೋಡಿದವರಲ್ಲ. ಸಂಜೆಯಾದರೆ ತಮ್ಮತಮ್ಮ ಮನೆಯಲ್ಲಿ ಕೂತು ಒಂದೇ ದೋಣಿಗೆ ಹುಟ್ಟು ಹಾಕುತ್ತಿದ್ದರು. ಆಮೇಲೆ ಹೆಂಡತಿ ಬೇರೆಯಾದಳು. ಮಗಳು ಅಮ್ಮನ ಜೊತೆ ಹೋದಳು. ಆಟದ ಗೀಳೂ ಅವಳಿಗೆ ಬಿಟ್ಟುಹೋಯಿತು. ಒಂದು ಸಂಜೆ ಅವನು ಸುಮ್ಮನೆ ಟೀವಿ ಹಚ್ಚಿದರೆ ದಡದಲ್ಲಿ ಬಾತು ಒಬ್ಬನೇ ನಿಂತಿದ್ದ. ಪಾಪ, ಮಗು ಕಾಯುತ್ತಿದೆ ಎಂದು ಮಗಳ ಹೆಸರಿನಲ್ಲೇ ದೋಣಿ ಹತ್ತಿದ. ಮೈಕು ಕೆಟ್ಟಿದೆ ಎಂದು ಸುಳ್ಳು ಬರೆದ. ಬಾತುವಿನ ಮೈಕೂ ಕೆಟ್ಟಿತ್ತು. ಬಚಾವಾದ.

"ಮನೆಗೆ ಬಂದ್ರೆ ಗೋಡೆ ನೋಡ್ಕೊಂಡು ಕೂರ್ತಿದ್ದೆ ಅಕ್ಕ. ಊಟ ಮಾಡಿದ್ನೋ ಇಲ್ವೋ ಅನ್ನೋದೂ ಗೊತ್ತಾಗ್ತಿರಲಿಲ್ಲ. ನಿಮ್ಮ ಹುಡುಗ ಇದ್ದ, ಸಂಜೆ ಕಳೀತಿತ್ತು. ಮೊನ್ನೆ 'ಈಗ ಯಾವ ಕ್ಲಾಸು' ಅಂತ ಕೇಳ್ದೆ. ಹುಟ್ಟು ಹಾಕೋದು ನಿಲ್ಲಿಸಿದ. ಆಮೇಲೆ 'ಇನ್ನು ಬರಲ್ಲ, ಮಾರ್ತಿದ್ದೀವಿ' ಅಂತ ಬರೆದ. ಜಾಹೀರಾತಲ್ಲಿ ಬಾತುಕೋಳಿ ನೋಡಿ ಓಡಿಬಂದೆ. ಫೇಲಾಗಿದ್ದಾನಾ? ಬೈಬೇಡಿ. ಮೊದಲು ಮಗಳ ಜೊತೆ ಆಡುವಾಗ ಬರೀ ಗಡಿಬಿಡಿ, ದೋಣಿಗೆ ಹಾರಿ ಬೀಳೋನು. ಈಗ ನೋಡಿ, ಎಷ್ಟು ಬುದ್ಧಿ ಬಂದಿದೆ."

ಆಕೆ ದುಡ್ಡನ್ನು ಅವನ ಕಡೆಗೆ ಸರಿಸಿದಳು.

"ಫೇಲಾಗಿಲ್ಲ," ಎಂದಳು. "ಹೋದ ವರ್ಷ ಜ್ವರ ಬಂತು. ಉಳೀಲಿಲ್ಲ. ಕ್ಲಾಸು ಅಲ್ಲಿಗೇ ನಿಂತಿದೆ."

ಮೆಕ್ಯಾನಿಕ್‌ನ ಕಿವಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲ.

"ಹೋದ ವರ್ಷವಾ? ಮತ್ತೆ ಮೊನ್ನೆವರೆಗೂ ನನ್ನ ಜೊತೆ..."

ಆಕೆ ಟೀವಿ ಹಚ್ಚಿದಳು. ದೋಣಿಯ ಡಿಸ್ಕು ಹಾಕಿದಳು. ಒಂದು ಕಂಟ್ರೋಲರನ್ನು ಅವನ ಕೈಗಿತ್ತು ಇನ್ನೊಂದನ್ನು ತಾನೇ ಹಿಡಿದು, ಸ್ಟಿಕ್ಕನ್ನು ಒಂಚೂರು ಬಲಕ್ಕೆ ಒತ್ತಿದಳು.

ಪರದೆಯ ಮೇಲೆ ಬಾತು ಗುಡಿಸಲಿನಿಂದ ಹೊರಬಂದ, ದೋಣಿಯತ್ತ ನಡೆದ, ಅರ್ಧ ದಾರಿಯಲ್ಲಿ ನಿಂತ. ಈಚೆಗೆ ಪ್ರತಿ ಸಂಜೆ ಮಾಡುತ್ತಿದ್ದಂತೆಯೇ ಹಿಂದಕ್ಕೆ ಹೋಗಿ ದೀಪ ಆರಿಸಿದ, ಬಾಗಿಲು ಎಳೆದ, ಒಮ್ಮೆ ತಳ್ಳಿ ನೋಡಿದ.