ಮ್ವಿಲಾ ಚಾಪೆಯಿಂದ ಎದ್ದದ್ದು

ಮಾರಿದರೆ ಸೋಫಾಕ್ಕೆ ನಾಲ್ಕು ಸಾವಿರ ಕ್ವಾಚಾ ಹಣ, ಫ್ರಿಜ್ಜಿಗೆ ಆರು ಸಾವಿರ. ತೀರಿಕೊಂಡ ಅಣ್ಣನ ಮನೆಯಿಂದ ತಮ್ಮ ಕಸೊಂಡೆ ಎರಡನ್ನೂ ಲಾರಿಗೇರಿಸುವಾಗ ಅತ್ತಿಗೆ ಮ್ವಿಲಾ ಚಾಪೆಯ ಮೇಲೆ ಸುಮ್ಮನೆ ಕುಳಿತಿದ್ದಳು. ಅಲ್ಲಿನ ರೂಢಿಯಂತೆ ಸತ್ತವನ ಸೊತ್ತು ಅವನ ಒಡಹುಟ್ಟಿದವರಿಗೆ; ಗಂಡನನ್ನು ಮಣ್ಣು ಮಾಡಿದ ದಿನ ಹೆಂಡತಿ ಏಳಬಾರದು, ಮಾತಾಡಬಾರದು. ಸಾವಾದಾಗಿನಿಂದ ಈ ನಾಲ್ಕು ದಿನವೂ ಅವಳ ಕೈಯನ್ನು ಅತ್ತೆ ತನ್ನ ಮಡಿಲಲ್ಲೇ ಹಿಡಿದುಕೊಂಡಿದ್ದಳು.

ಕಸೊಂಡೆ ಹೊಲಿಗೆ ಯಂತ್ರಕ್ಕೆ ಕೈಹಾಕಿದ. ಮ್ವಿಲಾಳ ಇಬ್ಬರು ಮಕ್ಕಳ ಹೊಟ್ಟೆ ತುಂಬುತ್ತಿದ್ದುದು ಅದರಿಂದಲೇ. ಸೂಜಿಯಡಿ ಯಾವುದೋ ಮಗುವಿನ ಶಾಲೆಯ ಅಂಗಿ ಅರ್ಧ ಹೊಲಿದಂತೆಯೇ ಇತ್ತು.

ಮ್ವಿಲಾ ಕೈ ಬಿಡಿಸಿಕೊಂಡು ಎದ್ದಳು. ಕಾಲು ಜೋಮು ಹಿಡಿದಿತ್ತು. ಹೋಗಿ ಯಂತ್ರದ ಚಕ್ರ ಹಿಡಿದುಕೊಂಡಳು. “ಇದನ್ನ ಬಿಡಪ್ಪಾ. ನಿಮ್ಮಣ್ಣಂದಲ್ಲ, ನಾನು ದುಡಿದು ತಗೊಂಡಿದ್ದು.”

ಸುತ್ತ ಕುಳಿತು ಗೋಳಾಡುತ್ತಿದ್ದ ಹೆಂಗಸರ ಅಳು ಥಟ್ಟನೆ ನಿಂತಿತು. “ಗುಂಡಿ ಮಣ್ಣು ಇನ್ನೂ ಹಸಿ ಇದೆ, ಆಗ್ಲೇ ನಾಲಿಗೆ ಬಂತಾ ಅತ್ತಿಗೆ?” ಎಂದ ಕಸೊಂಡೆ.

“ಬಂತು. ಮಕ್ಕಳಿಗೆ ಹೊಟ್ಟೆ ಇದೆಯಲ್ಲ.”

ಅವನು ಅಮ್ಮನ ಮುಖ ನೋಡಿದ. ಮುದುಕಿ ತಲೆ ತಗ್ಗಿಸಿದಳು. ಅವನು ಯಂತ್ರ ಬಿಟ್ಟು ಹೊರನಡೆದ. ಮ್ವಿಲಾ ಚಾಪೆಗೆ ಮರಳಿ ಕುಳಿತು ಅತ್ತೆಯತ್ತ ಕೈ ಚಾಚಿದಳು. ಅತ್ತೆ ತನ್ನ ಎರಡೂ ಕೈಗಳನ್ನು ಹೊದ್ದ ಬಟ್ಟೆಯೊಳಗೆ ಎಳೆದುಕೊಂಡಳು.

ಯಂತ್ರ ಉಳಿಯಿತು. ಆ ಕೈ ಮತ್ತೆ ಸಿಗಲಿಲ್ಲ.