ಎಣ್ಣೆ ಹಾಕದ ಬಾಟಲಿ

ಈ ಕಥೆಯ ಕೊನೆಯಲ್ಲಿ ಯಾರೂ ಗೆಲ್ಲುವುದಿಲ್ಲ... ಆದರೂ ಓದಿ.

ಧಾರವಾಡದ ಒಂದು ಲ್ಯಾಬ್. ಗಾಜಿನ ಬಾಟಲಿಗಳೊಳಗೆ ಆರ್ಕಿಡ್ ಸಸಿಗಳು... ಒಂದೊಂದೂ ಅಕ್ಕಿಕಾಳಿಗಿಂತ ಚಿಕ್ಕವು.

ಇವುಗಳ ತಾಯಿಗಿಡ ಇದ್ದದ್ದು ಕಾಡಿನಲ್ಲಿ, ರಸ್ತೆಗಾಗಿ ಕಡಿದ ಮರವೊಂದರ ಮೇಲೆ. ಸಿಕ್ಕಿದ್ದು ಒಂದೇ ಕಾಯಿ. ಅದರ ಬೀಜದಿಂದ ಬಂದ ಈ ಸಸಿಗಳು ಹೋದರೆ ಆ ಗಿಡದ ವಂಶವೇ ಹೋದ ಹಾಗೆ.

ಅವನ್ನು ನೋಡಿಕೊಳ್ಳುತ್ತಿದ್ದವಳು ಸಂಶೋಧನಾ ವಿದ್ಯಾರ್ಥಿನಿ ಸುವರ್ಣಾ.

ಬಾಟಲಿಗೆ ಬೂಷ್ಟು ಹಿಡಿದರೆ ಸಸಿ ಉಳಿಯುವುದಿಲ್ಲ. ಲವಂಗದ ಎಣ್ಣೆ ಹಾಕಿದರೆ ಬೂಷ್ಟು ನಿಲ್ಲುತ್ತದೆಯೇ, ಸಸಿ ಅದನ್ನು ತಾಳಿಕೊಳ್ಳುತ್ತದೆಯೇ... ಇದೇ ಅವಳ ಪ್ರಯೋಗ.

ಗೈಡ್ ಇಂದುಮತಿ ಮೇಡಂ ಊರಿಗೆ ಹೊರಡುವ ಮೊದಲು ಹೇಳಿದ್ದರು. "ಒಂದ್ನಾಕು ಬಾಟ್ಲಿ ಎಣ್ಣಿ ಹಾಕದ ಹಂಗ ಬಿಡವಾ. ಫಂಗಸ್ ಬಂದ್ರ ಬರ್ಲಿ. ಹೋಲಿಸಿ ನೋಡಾಕ ಬೇಕಾಗ್ತಾವ."

ಸುವರ್ಣಾ ತಲೆಯಾಡಿಸಿದ್ದಳು.

ಕೆಲವು ವಾರ ಬಿಟ್ಟು ಮೇಡಂ ಬಂದು ನೋಡಿದರೆ, ಒಂದು ಬಾಟಲಿಯಲ್ಲೂ ಬೂಷ್ಟಿನ ಸುಳಿವಿಲ್ಲ. ಎಲ್ಲವೂ ಫಳಫಳ...

ಒಳಗಿನ ಸಸಿಗಳು ಮಾತ್ರ ಕಂದಿ ಸತ್ತುಹೋಗಿದ್ದವು.

"ಎಣ್ಣಿ ಹಾಕಲಾರದ ಬಾಟ್ಲಿ ಎಲ್ಲಿ?"

ಸುವರ್ಣಾ ಅದೇ ಬಾಟಲಿಗಳ ಸಾಲಿನ ಕಡೆ ಕೈ ತೋರಿಸಿದಳು.

"ಅವಕ್ಕೂ ಹಾಕೀಯೇನ?"

"ಹೂಂ ರೀ ಮೇಡಂ. ಎಲಿ ಬಿಳಿಚಿಕೊಂಡಾಗ ಬೀಜಾನ ಅಶಕ್ತ ಅದಾವ ಅನ್ಕೊಂಡೆ. ಎಲ್ಲಾ ಬಾಟ್ಲ್ಯಾಗೂ ಹಂಗ ಇತ್ತಲ್ರೀ..."

ಮೇಡಂಗೆ ಸಿಟ್ಟು ನೆತ್ತಿಗೇರಿತು. "ಆ ನಾಕು ಬಾಟ್ಲಿ ಇದ್ದಿದ್ರ ಅದರಾಗಿನ ಸಸಿ ಹಸಿರ ಇರ್ತಿದ್ವು. ಎಣ್ಣಿ ಹೆಚ್ಚಾಗೇದ ಅಂತ ಆವಾಗ ತಿಳೀತಿತ್ತು. ಉಳದಾವನ್ನ ತಗದು ಬ್ಯಾರೆ ಬಾಟ್ಲಿಗೆ ಹಾಕ್ತಿದ್ವಿ. ಇಷ್ಟು ಓದೀದಿ, ಇದು ಗೊತ್ತಾಗ್ಲಿಲ್ಲ?"

"ಗೊತ್ತಿತ್ರೀ..." ಎಂದಳು ಸುವರ್ಣಾ. "ನನ್ನ ಕೂಸು ಹುಟ್ಟಿದಾಗ ದವಾಖಾನ್ಯಾಗ ಗಾಜಿನ ಪೆಟಗ್ಯಾಗ ಇಟ್ಟಿದ್ರು. ಸೋಂಕು ಹತ್ತಿತು. ನಾ ಹೊರಗ ನಿಂತು ನೋಡ್ಕೋತ ಇದ್ದೆ... ಬೇಕಂತ ನಾಕು ಬಾಟ್ಲಿ ಹಂಗ ಬಿಡೂದು ನನ್ನ ಕೈಲೆ ಆಗಲಿಲ್ರೀ."

ಮೇಡಂ ಅವರ ಸಿಟ್ಟು ಇಳಿಯಿತು. ಇಷ್ಟು ವರ್ಷ ಜೊತೆಗಿದ್ದರೂ ಆ ಕೂಸಿನ ವಿಷಯ ಅವರಿಗೆ ಗೊತ್ತಿರಲಿಲ್ಲ.

ಅವಳನ್ನು ಹತ್ತಿರ ಕೂರಿಸಿಕೊಂಡು ಕೇಳಿದರು. "ಏನಂತ ಹೆಸರಿಟ್ಟಿದ್ದಿ?"

"ಹೆಸರ ಇಡೂಕಿಂತ ಮೊದಲ ಹೋತ್ರೀ."

ಇಬ್ಬರೂ ಅತ್ತರು. ಅತ್ತರೆ ಸತ್ತ ಸಸಿ ಚಿಗುರುತ್ತದೆಯೇ... ಆ ಗಿಡ ಕಾಡಿನಲ್ಲೂ ಇಲ್ಲ, ಈಗ ಲ್ಯಾಬಿನಲ್ಲೂ ಇಲ್ಲ.

ಹೆದರಿದ ಪ್ರೀತಿಗೆ ಅಳತೆ ತಿಳಿಯುವುದಿಲ್ಲ.

ನಿಮ್ಮವರಿಗೆ ನೀವು ದಿನಾ ಕೊಡುತ್ತಿರುವುದು ಔಷಧವೋ, ನಿಮ್ಮ ಹೆದರಿಕೆಯೋ... ಒಮ್ಮೆ ಯೋಚಿಸಿ ನೋಡುವಿರಾ?