ಮಂಡಿ ಕೂಡಿಸಿಕೊಂಡು

ಹರಳೆಣ್ಣೆ ಕಾಯುವ ವಾಸನೆ ಬಂದರೆ ಈಗಲೂ ನನ್ನ ಮಂಡಿಗಳು ತಾವಾಗಿಯೇ ಒಂದಕ್ಕೊಂದು ಒತ್ತಿಕೊಳ್ಳುತ್ತವೆ.

ಆಗ ನಾನು ಕಿಕ್ಕೇರಿಯಲ್ಲಿ ಏಳನೇ ಕ್ಲಾಸು. ಕೆ.ಆರ್. ಪೇಟೆಯ ತಾಲ್ಲೂಕು ಆಟಕ್ಕೆ ಲಾಂಗ್ ಜಂಪ್‌ಗೆ ಹೆಸರು ಕೊಟ್ಟಿದ್ದ ಹುಡುಗಿ ನಾನೊಬ್ಬಳೇ. ಡ್ರಿಲ್ ಮೇಷ್ಟ್ರು ದಿನಾ ಹೇಳುತ್ತಿದ್ದರು: "ಇಳಿಯುವಾಗ ಮಂಡಿ ಅಗಲ ಮಾಡಿ ಬಗ್ಗುಸ್ಬೇಕು ಕಣವ್ವ, ಕುಕ್ಕರಗಾಲಲ್ಲಿ ಕೂತಂಗೆ." ಮನೆಯಲ್ಲಿ ಅಜ್ಜಿಯದು ಬೇರೆ ಪಾಠ: "ಎಣ್ಮಗ ಮಂಡಿ ಕೂಡುಸ್ಕೊಂಡಿರ್ಬೇಕು."

ಒಂದು ಮಧ್ಯಾಹ್ನ ಸ್ಕೂಲಿನಲ್ಲಿ ಅಭ್ಯಾಸದ ಹೊತ್ತು, ಹುಡುಗರೆಲ್ಲ ಮರಳಿನ ಗುಂಡಿಯ ಸುತ್ತ ನಿಂತಿದ್ದರು. ನಾನು ಓಡಿಬಂದು ಹಾರಿದೆ. ಗಾಳಿಗೆ ಲಂಗ ಉಬ್ಬಿತು. ಎರಡೂ ಕೈಯಿಂದ ಅದನ್ನು ಅದುಮಿ ಹಿಡಿದು, ಮಂಡಿ ಕೂಡಿಸಿಕೊಂಡೇ ಇಳಿದೆ. ಎಡಮಂಡಿ ಒಳಕ್ಕೆ ವಾಲಿತು; ಕಬ್ಬಿನ ಜಲ್ಲೆ ಮುರಿದಂಥ ಸದ್ದು.

ಯಾರೂ ಹತ್ತಿರ ಬರಲಿಲ್ಲ. ಹುಡುಗಿಯನ್ನು ಮುಟ್ಟಿ ಎತ್ತುವವರಾರು? ಮೇಷ್ಟ್ರು ಓಡಿಹೋಗಿ ಸ್ಕೂಲಿನ ಆಯಾಳನ್ನು ಕರೆತರುವವರೆಗೂ ಬಿಸಿ ಮರಳಿನಲ್ಲಿ ಒಬ್ಬಳೇ ಬಿದ್ದಿದ್ದೆ, ಲಂಗವನ್ನು ಹಿಡಿದುಕೊಂಡೇ.

ಮನೆಯಲ್ಲಿ ಅಜ್ಜಿ ಊದಿದ ಮಂಡಿ ನೋಡಿದಳು. ಹರಳೆಣ್ಣೆಯನ್ನು ಒಲೆಯ ಮೇಲಿಟ್ಟು, ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು:

"ಲಂಗ ಮೇಲಕ್ ಓಗ್ಲಿಲ್ಲ ತಾನೆ, ಮಗ?"

"ಇಲ್ಲ" ಅಂದೆ.

"ಸದ್ಯ ಬುಡು" ಅಂದಳು.